ಇಡೀ ಮನೆಯ ಜೊತೆ ಕೂರುವ ಕೆಲಸ: ಸರ್ಕಾರಿ ಆರೋಗ್ಯ ಸೇವೆಯಲ್ಲಿ ಕುಟುಂಬ ಚಿಕಿತ್ಸೆಗೆ ಯಾವ ದಾರಿ?

"ಮೇಡಂ, ಫ್ಯಾಮಿಲಿ ಥೆರಪಿ ಮಾಡಬೇಕು ಅಂತ ಆಸೆ. ಆದ್ರೆ ಪ್ರೈವೇಟ್ ಬೇಡ, ಸರ್ಕಾರಿ ಆಸ್ಪತ್ರೆಯಲ್ಲೇ ಇರಬೇಕು. ಯಾವ ಕೋರ್ಸ್ ಸೇರಲಿ?" ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮತ್ತು ಸೈಕಾಲಜಿ ಓದುತ್ತಿರುವ ಮಕ್ಕಳು ಪ್ರತಿ ವರ್ಷ ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಅವರಿಗೆ ನಾನು ಮೊದಲು ಹೇಳುವ ಮಾತು ಸ್ವಲ್ಪ ನಿರಾಸೆಯದು. ನಮ್ಮ ರಾಜ್ಯದ ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರಿದ್ದಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರೆ, ರೋಗಿಯ ಮನೆ, ಸಮಾಜದ ಕಡೆಯನ್ನು ನೋಡಿಕೊಳ್ಳುವ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಪಿಎಸ್‌ಡಬ್ಲ್ಯೂ) ಇದ್ದಾರೆ, ನರ್ಸ್ ಇದ್ದಾರೆ. ಕುಟುಂಬ ಚಿಕಿತ್ಸಕರು ಎಂಬ ಹೆಸರಿನ ಕುರ್ಚಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರು ಯಾರು ಮಾನಸಿಕ ಆರೋಗ್ಯ ವೃತ್ತಿಪರರು ಎಂದು ಹೆಸರಿಸುವಾಗಲೂ ಆ ಹೆಸರನ್ನು ಹೇಳುವುದಿಲ್ಲ.

ಹಾಗಾದರೆ ಈ ಕೆಲಸ ಇಲ್ಲವೇ? ಇದೆ, ದಿನವೂ ನಡೆಯುತ್ತದೆ. ಆದರೆ ಬೇರೊಂದು ಹುದ್ದೆಯ ಹೆಸರಿನಲ್ಲಿ ಒಳಗೆ ಹೋಗಿ ಮಾಡಬೇಕು. ಆದ್ದರಿಂದ ಹೋಲಿಸಬೇಕಾದದ್ದು ಕುಟುಂಬ ಚಿಕಿತ್ಸೆಯ ಕೋರ್ಸುಗಳನ್ನಲ್ಲ, ಒಳಗೆ ಹೋಗುವ ಬಾಗಿಲುಗಳನ್ನು. ನಾನು ಎರಡೇ ಅಳತೆ ಇಟ್ಟುಕೊಂಡಿದ್ದೇನೆ: ಆ ಹುದ್ದೆಯಲ್ಲಿ ಒಂದು ಮನೆಯ ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿಕೊಳ್ಳಲು ನಿಮಗೆ ಎಷ್ಟು ಹೊತ್ತು ಸಿಗುತ್ತದೆ, ಮತ್ತು ನೀವು ಎಡವಿದಾಗ ತಿದ್ದುವವರು ಪಕ್ಕದಲ್ಲಿ ಇರುತ್ತಾರೆಯೇ. ಸಂಬಳ, ಕಾಯಂ ಎನ್ನುವುದು ಮುಖ್ಯವೇ. ಅದನ್ನೂ ಹೇಳುತ್ತೇನೆ. ಆದರೆ ಈ ಎರಡು ಇಲ್ಲದ ಜಾಗದಲ್ಲಿ ಎಷ್ಟು ಸಂಬಳವಿದ್ದರೂ ಕುಟುಂಬ ಚಿಕಿತ್ಸೆ ಕಲಿಯಲಾಗುವುದಿಲ್ಲ.

ಮೊದಲು, ಈ ಕೆಲಸ ಯಾವುದು

ಒಂದು ಮನೆಯ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹದಿನಾರರ ಹುಡುಗ. ಪಿಯುಸಿಗೆ ಸೇರಿದ ಎರಡು ತಿಂಗಳಿಗೆ ಕಾಲೇಜು ಬಿಟ್ಟು ಕೋಣೆ ಸೇರಿದ್ದ. ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಬರಬೇಕು. ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಬಂದವರು ತಾಯಿ, ಅಜ್ಜಿ, ಸೋದರಮಾವ. ತಂದೆ ಹೊರಗೆ ಬೈಕಿನ ಹತ್ತಿರವೇ ನಿಂತಿದ್ದರು. ಹುಡುಗನನ್ನು ಒಬ್ಬನನ್ನೇ ಕೂರಿಸಿ ಕೇಳಿದರೆ ಖಿನ್ನತೆಯ ಲಕ್ಷಣಗಳು ಸಿಕ್ಕವು, ಅವು ನಿಜವಾದವೇ. ಆಮೇಲೆ ಎಲ್ಲರನ್ನೂ ಒಳಗೆ ಕರೆದು ಅಜ್ಜಿಯನ್ನು ಕೇಳಿದೆ: "ಇವನು ಕೋಣೆ ಸೇರಿದ ಮೇಲೆ ಮನೇಲಿ ಯಾರು ಯಾರ ಹತ್ರ ಮಾತು ಜಾಸ್ತಿ ಮಾಡಿದ್ರು ಅಜ್ಜಿ?" ಅಜ್ಜಿ ಸ್ವಲ್ಪ ಹೊತ್ತು ಸೆರಗು ತಿರುವಿ, "ಇವರಿಬ್ರೂ ಈಗ ಮಾತಾಡ್ತಾರಲ್ಲವ್ವಾ" ಅಂದರು. ಹೊಲದ ಭಾಗದ ಜಗಳದಲ್ಲಿ ವರ್ಷದಿಂದ ಮಾತು ಬಿಟ್ಟಿದ್ದ ಗಂಡ ಹೆಂಡತಿ ಮಗನ ವಿಷಯಕ್ಕೆಂದು ಮತ್ತೆ ಬಾಯಿ ಬಿಟ್ಟಿದ್ದರು. ಹುಡುಗ ನಾಟಕ ಮಾಡುತ್ತಿದ್ದನೆಂದು ಇದರ ಅರ್ಥವಲ್ಲ. ಅವನ ಕಾಯಿಲೆಗೆ ಆ ಮನೆಯಲ್ಲಿ ಒಂದು ಜಾಗ ಸಿಕ್ಕಿಬಿಟ್ಟಿತ್ತು, ಅದು ಸಡಿಲವಾಗದೆ ಮಾತ್ರೆಯೊಂದರಿಂದ ಅವನು ಹೊರಗೆ ಬರುವುದು ಕಷ್ಟವಿತ್ತು.

ಕುಟುಂಬ ಚಿಕಿತ್ಸೆಯಲ್ಲಿ ಸಿಸ್ಟಮಿಕ್ ನೋಟ ಎನ್ನುತ್ತಾರಲ್ಲ, ಅದೆಂದರೆ ಇಷ್ಟೇ. ತೊಂದರೆ ಯಾರೊಳಗಿದೆ ಎಂದು ಹುಡುಕುವುದಕ್ಕಿಂತ ಯಾರ ಯಾರ ನಡುವೆ ಓಡಾಡುತ್ತಿದೆ ಎಂದು ನೋಡುವುದು. ಮೂರನೆಯವರನ್ನು ಇಬ್ಬರ ಬಗ್ಗೆ ಕೇಳುವ ಈ ಸುತ್ತು ಪ್ರಶ್ನೆಯನ್ನು ಇಟಲಿಯ ಮಿಲಾನ್‌ನಲ್ಲಿ ಮಾರಾ ಸೆಲ್ವಿನಿ ಪಲಾಝೋಲಿ ಮತ್ತು ಅವರ ಸಂಗಡಿಗರು ಬೆಳೆಸಿದರು. ಅಮೆರಿಕದಲ್ಲಿ ಸಾಲ್ವಡಾರ್ ಮಿನೂಚಿನ್ ಮನೆಯೊಳಗಿನ ಗೆರೆಗಳನ್ನು, ಅಂದರೆ ಯಾರ ಮಾತು ಎಲ್ಲಿಗೆ ನಿಲ್ಲಬೇಕು ಎಂಬುದನ್ನು, ನೋಡುವುದನ್ನು ಕಲಿಸಿದರು.

ನಮ್ಮಲ್ಲಿ ಇದರ ಬೇರು ಇನ್ನೊಂದು ಕಡೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಗುಡಾರ ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಮನೆಯವರು ಕಾಯಿಲೆಯನ್ನು ಅರ್ಥ ಮಾಡಿಕೊಂಡು ರೋಗಿಯನ್ನು ವಾಪಸ್ಸು ಕರೆದುಕೊಂಡು ಹೋಗತೊಡಗಿದರು. ಬೇರೆ ದೇಶಗಳಲ್ಲಿ ಕುಟುಂಬವನ್ನು ಚಿಕಿತ್ಸೆಯ ಕೋಣೆಗೆ ಕರೆಸುವುದೇ ಒಂದು ದೊಡ್ಡ ಕೆಲಸ. ನಮ್ಮಲ್ಲಿ ಕರೆಯದೆಯೇ ಬರುತ್ತಾರೆ, ಬೆಂಚಿನ ಮೇಲೆ ಕೂತಿರುತ್ತಾರೆ, ಊಟದ ಡಬ್ಬಿಯನ್ನೂ ತಂದಿರುತ್ತಾರೆ. ಅವರನ್ನು ಹೊರಗೇ ಕೂರಿಸಿ ಚೀಟಿ ಬರೆದು ಕಳಿಸುತ್ತೇವಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್

ನನ್ನ ಒಲವು ಇದರ ಕಡೆಗೇ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಬಂದ ದಾರಿಯೂ ಇದೇ. ಪದವಿ, ಎರಡು ವರ್ಷದ ಎಂಎಸ್‌ಡಬ್ಲ್ಯೂ, ಆಮೇಲೆ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಕಾಯ್ದೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎಂದು ಕರೆಯುವುದು ಮೇಲ್ವಿಚಾರಣೆಯ ತರಬೇತಿ ಇರುವ ಆ ಎಂ.ಫಿಲ್. ಮುಗಿಸಿದವರನ್ನೇ. ಬರೀ ಎಂಎಸ್‌ಡಬ್ಲ್ಯೂ ಮಾಡಿದವರನ್ನು ಅಲ್ಲ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಮುಖ್ಯ ಜಾಗಗಳು. ಹೊರಗೆ ರಾಂಚಿ, ಅಸ್ಸಾಂನ ತೇಜಪುರ ಇವೆ.

ಇದನ್ನು ಮೇಲೆ ಇಡಲು ಕಾರಣ ಕುಟುಂಬವೇ. ಈ ವೃತ್ತಿಯಲ್ಲಿ ಮನೆಯವರು ರೋಗಿಯ ಬಗ್ಗೆ ಮಾಹಿತಿ ಕೊಡುವವರಷ್ಟೇ ಅಲ್ಲ, ನಿಮ್ಮ ಕೆಲಸವೇ ಅವರು. ಮೂರು ತಲೆಮಾರಿನ ಜಿನೋಗ್ರಾಮ್ (ಮನೆಯವರ ಸಂಬಂಧಗಳ ನಕ್ಷೆ) ಬರೆಯುವುದು, ಮನೆ ಭೇಟಿ, ಅತ್ತೆ ಸೊಸೆ, ಅಣ್ಣ ತಮ್ಮಂದಿರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಮೊದಲ ತಿಂಗಳಿಂದಲೇ ನಿಮ್ಮ ಪಾಲಿಗೆ ಬರುತ್ತದೆ. ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವೇ ಪ್ರತ್ಯೇಕವಾಗಿದೆ. ಅಲ್ಲಿ ಒಬ್ಬ ರೋಗಿ ದಾಖಲಾಗುವ ಬದಲು ಇಡೀ ಕುಟುಂಬವೇ ಬಂದು ಉಳಿಯುವ ವ್ಯವಸ್ಥೆ ಇದೆ. ಅಂಥ ಕಡೆ ಕೆಲಸ ನೋಡಿ ಕಲಿತವರಿಗೂ ಪುಸ್ತಕ ಓದಿ ಕಲಿತವರಿಗೂ ಇರುವ ವ್ಯತ್ಯಾಸ ಮೊದಲ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ತಂದೆ ಎದ್ದು ಹೊರಡಲು ಚಪ್ಪಲಿ ಹುಡುಕಿದಾಗ ಏನು ಮಾಡಬೇಕೆಂದು ಪುಸ್ತಕದಲ್ಲಿ ಇರುವುದಿಲ್ಲ.

ಕಷ್ಟಗಳೂ ಇವೆ. ಜಿಲ್ಲಾ ತಂಡಗಳಲ್ಲಿ ಹುದ್ದೆಗಳು ಬಹುಪಾಲು ಗುತ್ತಿಗೆಯವು, ವರ್ಷ ವರ್ಷ ನವೀಕರಣ. ನಿಮ್ಮ ದಿನದ ಒಂದು ಭಾಗ ವರದಿ, ಶಿಬಿರ, ಶಾಲೆಗಳಲ್ಲಿ ಜಾಗೃತಿ ಕಾರ್ಯಕ್ರಮಗಳಿಗೆ ಹೋಗುತ್ತದೆ. ಇನ್ನೊಂದು ವಿಷಯ: ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಮತ್ತು ಕ್ಲಿನಿಕಲ್ ಸೈಕಾಲಜಿಗೆ ಮಾತ್ರ 2025-26ರ ಸಾಲಿನವರೆಗೆ ಪ್ರವೇಶ ಮುಂದುವರಿಸಲು ಬಿಟ್ಟಿತು. ಸೇರುವ ಮುನ್ನ ನೀವು ಪಡೆಯುವ ಪದವಿಯ ಹೆಸರು ಏನು, ಅದು ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂದು ಆ ಸಂಸ್ಥೆಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.

ಕ್ಲಿನಿಕಲ್ ಸೈಕಾಲಜಿ

ಓದಿನ ವರ್ಷಗಳು ಹೆಚ್ಚುಕಡಿಮೆ ಅಷ್ಟೇ. ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಸಿಗುತ್ತದೆ, ಹಾಗಾಗಿ ವೃತ್ತಿಯ ಗುರುತು ಗಟ್ಟಿ. ನಾಳೆ ಸರ್ಕಾರಿ ಸೇವೆ ಬಿಟ್ಟರೂ ಹೊರಗೆ ಬೇಡಿಕೆ ಇದೆ, ಸಂಬಳದ ಲೆಕ್ಕದಲ್ಲಿ ಇದೇ ಮುಂದೆ.

ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸೈಕಾಲಜಿಸ್ಟ್ ಕೋಣೆಯ ಮುಂದೆ ನಿಂತ ಸಾಲನ್ನು ಒಮ್ಮೆ ನೋಡಿ. ಬುದ್ಧಿಮಟ್ಟದ ಪರೀಕ್ಷೆ, ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬೇಕಾದ ಮೌಲ್ಯಮಾಪನ, ಕಲಿಕಾ ತೊಂದರೆಯ ಪರೀಕ್ಷೆ. ಇವು ಬೇಕೇ ಬೇಕಾದ ಕೆಲಸಗಳು. ಆ ಪ್ರಮಾಣಪತ್ರದ ಮೇಲೆ ಒಂದು ಬಡ ಮನೆಯ ಪಿಂಚಣಿ ನಿಂತಿರುತ್ತದೆ. ಆದರೆ ಅದು ಇಡೀ ಬೆಳಿಗ್ಗೆಯನ್ನು ತಿಂದುಬಿಡುತ್ತದೆ. ಚಿಕಿತ್ಸೆಗೆ ಉಳಿದ ಹೊತ್ತು ಒಬ್ಬೊಬ್ಬರ ಜೊತೆ ಹೋಗುತ್ತದೆ, ತರಬೇತಿಯ ಒಲವೂ ಅದೇ. ಕುಟುಂಬದ ಕೆಲಸ ಮಾಡುವ ಒಳ್ಳೆಯ ಸೈಕಾಲಜಿಸ್ಟರು ಬೇಕಾದಷ್ಟು ಜನರಿದ್ದಾರೆ, ಅವರು ಹಠ ಹಿಡಿದು ಆ ಹೊತ್ತನ್ನು ಗಳಿಸಿಕೊಂಡವರು. ಮಗುವಿನ ಬೆಳವಣಿಗೆ, ಪರೀಕ್ಷೆ, ವೈಯಕ್ತಿಕ ಚಿಕಿತ್ಸೆ ಇವೆಲ್ಲ ನಿಮಗೆ ಇಷ್ಟ, ಕುಟುಂಬ ಅದರ ಜೊತೆಗೆ ಎನ್ನುವುದಾದರೆ ಇದನ್ನು ಆರಿಸಿ. ಕುಟುಂಬವೇ ಮುಖ್ಯ ಎಂದರೆ ಮೊದಲಿನದೇ.

ನರ್ಸಿಂಗ್ ಮತ್ತು ವೈದ್ಯಕೀಯ

ನರ್ಸಿಂಗ್ ದಾರಿಯನ್ನು ನಮ್ಮವರು ಏಕೆ ಕಡೆಗಣಿಸುತ್ತಾರೋ ತಿಳಿಯದು. ರಾತ್ರಿ ಹತ್ತು ಗಂಟೆಗೆ ವಾರ್ಡಿನಲ್ಲಿ ತಾಯಿ ಮಗಳ ನಡುವೆ ಏನಾಗುತ್ತದೆ ಎಂದು ನೋಡುವವರು ನರ್ಸ್ ಒಬ್ಬರೇ. ನಾವು ಒಂದು ಗಂಟೆ ಕೂರಿಸಿಕೊಂಡು ಊಹಿಸುವುದನ್ನು ಅವರು ಎಂಟು ಗಂಟೆ ಕಣ್ಣಾರೆ ಕಾಣುತ್ತಾರೆ. ಬಿ.ಎಸ್ಸಿ. ನರ್ಸಿಂಗ್ ಆದ ಮೇಲೆ ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಅಥವಾ ಒಂದು ವರ್ಷದ ಡಿಪ್ಲೊಮಾ ಮಾಡಬಹುದು. ಕಾಯಂ ಸರ್ಕಾರಿ ಹುದ್ದೆಯ ಸಾಧ್ಯತೆ ಈ ದಾರಿಯಲ್ಲೇ ಹೆಚ್ಚು. ಎರಡು ವರ್ಷ ಗುತ್ತಿಗೆಯಲ್ಲಿ ಕಾಯಲು ಮನೆಯ ಪರಿಸ್ಥಿತಿ ಬಿಡದವರಿಗೆ ಇದು ಸಣ್ಣ ಮಾತಲ್ಲ. ತೊಂದರೆ ಎಂದರೆ ಪಾಳಿ, ವರ್ಗಾವಣೆ. ಮನೋರೋಗ ವಾರ್ಡಿನಲ್ಲಿ ಪಳಗಿದವರನ್ನು ಹೆರಿಗೆ ವಾರ್ಡಿಗೆ ಹಾಕಿದರೆ ಕಲಿತದ್ದು ಅಲ್ಲಿಗೆ ನಿಂತಿತು. ಚಿಕಿತ್ಸೆಯ ಮಾತುಕತೆ ನಡೆಸುವ ಅಧಿಕಾರವನ್ನೂ ತಂಡದಲ್ಲಿ ಕೇಳಿ ಪಡೆಯಬೇಕಾಗುತ್ತದೆ.

ಎಂ.ಡಿ. ಮನೋವೈದ್ಯಶಾಸ್ತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಟುಂಬ ಚಿಕಿತ್ಸೆಗೋಸ್ಕರ ಎಂಬಿಬಿಎಸ್ ಸೇರುವವರು ಯಾರೂ ಇಲ್ಲ. ಆದರೆ ಈಗಾಗಲೇ ವೈದ್ಯರಾಗಿದ್ದು ಈ ಕಡೆ ಮನಸ್ಸಿರುವವರಿಗೆ ಒಂದು ಮಾತು: ತಂಡದಲ್ಲಿ ಕುಟುಂಬದ ಕೆಲಸ ಉಳಿಯುವುದು ಅಳಿಯುವುದು ನಿಮ್ಮ ಕೈಯಲ್ಲಿದೆ. "ಇವರನ್ನು ಪಿಎಸ್‌ಡಬ್ಲ್ಯೂ ಹತ್ತಿರ ಕಳಿಸಿ, ಒಂದು ಗಂಟೆ ಬೇಕು" ಎಂದು ಚೀಟಿಯ ಮೇಲೆ ಬರೆಯುವವರು ನೀವೇ.

ದೊಡ್ಡ ಸಂಸ್ಥೆಯೋ, ಜಿಲ್ಲೆಯೋ

ಯಾವ ಪದವಿ ಎಂಬುದಕ್ಕಿಂತ ಈ ಆಯ್ಕೆ ನಿಮ್ಮ ಕೆಲಸವನ್ನು ಹೆಚ್ಚು ಬದಲಿಸುತ್ತದೆ. ನಿಮ್ಹಾನ್ಸ್‌ನಂಥ ಜಾಗದಲ್ಲಿ ಹೊತ್ತೂ ಇದೆ, ತಿದ್ದುವವರೂ ಇದ್ದಾರೆ. ಹುದ್ದೆಗಳು ಮಾತ್ರ ಬೆರಳೆಣಿಕೆ, ದೇಶದ ಎಲ್ಲ ಕಡೆಯಿಂದ ಪೈಪೋಟಿ.

ಜಿಲ್ಲೆಯ ಕಥೆ ಬೇರೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದ ಮೇಲೆ, ಜಿಲ್ಲಾ ಮಟ್ಟದಲ್ಲಿ ಇದನ್ನು ನಡೆಸಬಹುದೇ ಎಂದು ನಿಮ್ಹಾನ್ಸ್ ಪ್ರಯೋಗ ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶಕ್ಕೆ ಬಂತು. ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಕಾರಿಡಾರ್ ತುಂಬಿರುತ್ತದೆ. ಅಲ್ಲಿ ಒಂದು ಕುಟುಂಬಕ್ಕೆ ಒಂದು ಗಂಟೆ ಎಂದರೆ ಉಳಿದವರ ಕಣ್ಣು ನಿಮ್ಮ ಬಾಗಿಲ ಮೇಲೆ. ಕೋಣೆಯೂ ಇರುವುದಿಲ್ಲ, ಲಸಿಕೆ ಕೋಣೆಯಲ್ಲಿ ಐಸ್‌ಬಾಕ್ಸ್ ಪಕ್ಕ ಕೂತು ಮಾತಾಡಿಸಿದ್ದೇನೆ.

ಬ್ರಿಟನ್ನಿನ ಮಾರ್ಗಸೂಚಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರ ಕುಟುಂಬಕ್ಕೆ 3 ತಿಂಗಳಿಂದ 1 ವರ್ಷದೊಳಗೆ ಕನಿಷ್ಠ 10 ಭೇಟಿ ಎನ್ನುತ್ತದೆ. ನಮ್ಮ ತಾಲ್ಲೂಕಿನಲ್ಲಿ ಹತ್ತು ಸಲ ಬರುವುದೆಂದರೆ ನಾಲ್ಕು ಜನರ ಹತ್ತು ದಿನದ ಕೂಲಿ. ಅದಕ್ಕೇ ಇಲ್ಲಿ ಕಲಿಯಬೇಕಾದ ಕಲೆ ಬೇರೆ: ಈ ಮನೆಯವರು ಮತ್ತೆ ಬರುವುದಿಲ್ಲ ಎಂದುಕೊಂಡೇ ಮೊದಲ ಭೇಟಿ ನಡೆಸುವುದು. ಅಂಥ ಒಂದೇ ಭೇಟಿಯಲ್ಲಿ ನಾನು ಹಿಡಿಯುವುದು ಒಂದೇ ಎಳೆ, ಬೈಗುಳ. ಮನೆಯಲ್ಲಿ ಕಟುಮಾತು ಹೆಚ್ಚಿದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನಲ್ಲೂ ಚಂಡೀಗಢದಲ್ಲೂ ಸಂಶೋಧಕರು ತೋರಿಸಿದ್ದಾರೆ. "ಸೋಮಾರಿ ಅಂತ ಬೈಬೇಡಿ, ಅದು ಕಾಯಿಲೆ ಮಾಡಿಸ್ತಿರೋದು" ಎಂಬ ಮಾತು ಮಾವನ ತಲೆಗೆ ಹೊಕ್ಕರೆ ಆ ದಿನ ಸಾರ್ಥಕ.

ಜಿಲ್ಲೆಗೆ ಅದರದೇ ಬಲವೂ ಇದೆ. ಆಶಾ ಕಾರ್ಯಕರ್ತೆಗೆ ಆ ಮನೆಯ ಹೊಸಿಲು ಗೊತ್ತು, ಅವರ ಜೊತೆ ಹೋದರೆ ಜಗಲಿಯ ಮೇಲೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಅಜ್ಜಿ, ಅತ್ತೆ, ನಾದಿನಿಯರು ಜೊತೆಗೆ ಬರುವುದು ಹೆಚ್ಚಾಗಿದೆ ಎಂದು ನನಗೆ ಕಾಣುತ್ತದೆ. ನಮ್ಮ ಕೆಲಸಕ್ಕೆ ಅದು ದೊಡ್ಡ ಉಪಕಾರ.

ಕೊರತೆ ಇರುವುದು ತಿದ್ದುವವರದ್ದು. ನನ್ನ ಮೊದಲ ವರ್ಷ, ಒಂದು ಜಿಲ್ಲೆಯಲ್ಲಿ, ಗಂಡನ ಎದುರೇ ಹೆಂಡತಿಯನ್ನು "ಮನೇಲಿ ಹೆದರಿಕೆ ಆಗುತ್ತಾ?" ಎಂದು ಕೇಳಿಬಿಟ್ಟೆ. ಆಕೆ ಇಲ್ಲವೆಂದರು. ಆ ರಾತ್ರಿ ಆಕೆಗೆ ಏನಾಯಿತೋ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹೊಡೆತ ಬಡಿತದ ಗುಮಾನಿ ಇದ್ದರೆ ಮೊದಲು ಒಬ್ಬೊಬ್ಬರನ್ನೇ ನೋಡಬೇಕು, ಒಟ್ಟಿಗೆ ಕೂರಿಸಬಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಯಾರೆಂದು ಗೊತ್ತಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ, ಅಲ್ಲಿ ಕುಟುಂಬವನ್ನು ಒಂದು ಮಾಡುವ ಮಾತೇ ಇಲ್ಲ. ಇದನ್ನೆಲ್ಲ ಮೊದಲೇ ಹೇಳಿಕೊಡುವವರು ನನಗೆ ಆಗ ಇರಲಿಲ್ಲ. ಆದ್ದರಿಂದ ಜಿಲ್ಲೆಗೆ ಹೋಗುವವರು ತರಬೇತಿ ಕೊಟ್ಟ ಗುರುಗಳೊಂದಿಗೆ ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಾದರೂ ಕೇಸು ಚರ್ಚಿಸುವ ಏರ್ಪಾಟು ಮಾಡಿಕೊಂಡೇ ಹೊರಡಿ.

ಬ್ರಿಟನ್ನಿನ ದಾರಿ

ನರ್ಸ್ ಆಗಿಯೋ ಸೋಷಿಯಲ್ ವರ್ಕರ್ ಆಗಿಯೋ ಬ್ರಿಟನ್ನಿಗೆ ಹೋದ ಕನ್ನಡಿಗರಿಂದಲೂ ಈ ಪ್ರಶ್ನೆ ಬರುತ್ತದೆ, ಏಕೆಂದರೆ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕುಟುಂಬ ಮತ್ತು ಸಿಸ್ಟಮಿಕ್ ಸೈಕೋಥೆರಪಿಸ್ಟ್ ಎಂಬ ಹುದ್ದೆ ಅದೇ ಹೆಸರಿನಲ್ಲಿ ಇದೆ. ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯ ತಂಡಗಳಲ್ಲಿ ಹೆಚ್ಚು. ಊಟ ಬಿಡುವ ಕಾಯಿಲೆ ಅನೊರೆಕ್ಸಿಯಾ ಇರುವ ಮಕ್ಕಳಿಗೆ ಅಲ್ಲಿ ಕುಟುಂಬ ಚಿಕಿತ್ಸೆಯೇ ಮೊದಲ ಆಯ್ಕೆ.

ತರಬೇತಿ ಸಾಮಾನ್ಯವಾಗಿ 4 ವರ್ಷ, ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ: ಒಂದು ವರ್ಷ ಅಡಿಪಾಯ, ಒಂದು ವರ್ಷ ಮಧ್ಯಮ, ಆಮೇಲೆ ಎರಡು ವರ್ಷದ ಸ್ನಾತಕೋತ್ತರ ಮಟ್ಟದ ತರಬೇತಿ. ನೇರವಾಗಿ ಸೇರಲಾಗುವುದಿಲ್ಲ, ನರ್ಸಿಂಗ್, ಸೋಷಿಯಲ್ ವರ್ಕ್, ಸೈಕಾಲಜಿಯಂಥ ಮೂಲ ವೃತ್ತಿ ಬೇಕು. ಕೊನೆಯ ಹಂತದಲ್ಲಿ ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಗುರು ಮತ್ತು ಸಹಪಾಠಿಗಳು ಕೂತು ನಿಮ್ಮ ಕೆಲಸ ನೋಡಿ ಅಲ್ಲೇ ತಿದ್ದುತ್ತಾರೆ. ಮುಗಿಸಿದವರು ಯುಕೆಸಿಪಿ ಎಂಬ ಸೈಕೋಥೆರಪಿಸ್ಟರ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ, ಸಂಬಳ ಸಾಮಾನ್ಯವಾಗಿ ಎನ್‌ಎಚ್‌ಎಸ್‌ನ ಬ್ಯಾಂಡ್ 7 ಎಂಬ ವೇತನ ಶ್ರೇಣಿಯಿಂದ ಶುರು. ನನ್ನ ಎರಡೂ ಅಳತೆಯಲ್ಲಿ ಇದು ಮೇಲಿದೆ, ಒಪ್ಪುತ್ತೇನೆ.

ಆದರೆ ಇಲ್ಲಿ ಎಂ.ಫಿಲ್. ಮುಗಿಸಿದ ಕೂಡಲೇ ಅಲ್ಲಿಗೆ ಹೋಗಿ ಫ್ಯಾಮಿಲಿ ಥೆರಪಿಸ್ಟ್ ಆಗುತ್ತೇನೆ ಎಂಬ ಲೆಕ್ಕ ಬೇಡ. ಮೊದಲು ಮೂಲ ವೃತ್ತಿಯ ನೋಂದಣಿ, ಇಂಗ್ಲಿಷ್ ಪರೀಕ್ಷೆ, ಕೆಲಸ, ಆಮೇಲೆ ಆ ನಾಲ್ಕು ವರ್ಷ. ಈಗಾಗಲೇ ಅಲ್ಲಿರುವ ನರ್ಸ್‌ಗಳಿಗೆ ಈ ದಾರಿ ನಿಜವಾಗಿಯೂ ಚೆಂದ. ಅಡಿಪಾಯದ ವರ್ಷಕ್ಕೆ ನಿಮ್ಮ ತಂಡದಿಂದ ಶುಲ್ಕ ಸಿಗುತ್ತದೆಯೇ ಎಂದು ಮ್ಯಾನೇಜರನ್ನು ಕೇಳಲು ಸಂಕೋಚ ಬೇಡ. ಇಲ್ಲಿಂದಲೇ ಶುರು ಮಾಡುವವರಿಗೆ ಇದು ಹತ್ತು ವರ್ಷದ ಯೋಜನೆ. ಭಾಷೆಯ ಮಾತೂ ಇದೆ. ಆ ಹುಡುಗನ ಅಜ್ಜಿ ಸೆರಗು ತಿರುವಿ ಸುಮ್ಮನಾದದ್ದರ ಅರ್ಥ ನನಗೆ ಕನ್ನಡದಿಂದ ಸಿಕ್ಕಿತು. ಪರಭಾಷೆಯ ಮೌನವನ್ನು ಓದಲು ವರ್ಷಗಳು ಬೇಕು.

ಯಾವುದನ್ನು ಆರಿಸಬಾರದು

ಆರು ವಾರಾಂತ್ಯದಲ್ಲಿ ನಿಮ್ಮನ್ನು ಸರ್ಟಿಫೈಡ್ ಫ್ಯಾಮಿಲಿ ಥೆರಪಿಸ್ಟ್ ಮಾಡುತ್ತೇವೆ ಎನ್ನುವ ಆನ್‌ಲೈನ್ ಕೋರ್ಸುಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಈಗಾಗಲೇ ವೃತ್ತಿಯಲ್ಲಿ ಇರುವವರು ಕೌಶಲಕ್ಕೆಂದು ಸೇರಿದರೆ ಸರಿ. ಅದನ್ನೇ ಅರ್ಹತೆ ಎಂದುಕೊಂಡು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದರೆ ಕಾಗದದ ಹಂತದಲ್ಲೇ ಹೊರಗೆ ಬೀಳುತ್ತೀರಿ. ಬರೀ ಎಂಎಸ್‌ಡಬ್ಲ್ಯೂ ಅಥವಾ ಎಂ.ಎ. ಸೈಕಾಲಜಿಗೆ ನಿಲ್ಲಿಸಲೇಬೇಕಾದವರಿಗೆ ಬೇರೆ ಜಾಗಗಳಿವೆ: ಹದಿಹರೆಯದವರ ಸ್ನೇಹಾ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರ, 14416ಕ್ಕೆ ಬರುವ ಕರೆಗಳನ್ನು ತೆಗೆದುಕೊಳ್ಳುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಅಲ್ಲಿ ಆಪ್ತಸಮಾಲೋಚಕರಾಗಿ ಎರಡು ವರ್ಷ ಕೆಲಸ ಮಾಡಿ ಎಂ.ಫಿಲ್.ಗೆ ಬಂದವರು ನನಗೆ ಗೊತ್ತು. ಕೇಳುವ ಕಿವಿಯನ್ನು ಅವರು ಮೊದಲೇ ಗಳಿಸಿಕೊಂಡಿರುತ್ತಾರೆ.

ಇನ್ನೂ ತೀರ್ಮಾನವಾಗದಿದ್ದರೆ ಒಂದು ಕೆಲಸ ಮಾಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಹೇಳಿ, ಒಪ್ಪಿಗೆ ಪಡೆದು, ನಾಲ್ಕು ಮಂಗಳವಾರ ಮನೋವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬನ್ನಿ. ಯಾರನ್ನೂ ಏನೂ ಕೇಳಬೇಡಿ. ಹೆಸರು ಕೂಗಿದಾಗ ರೋಗಿಯ ಜೊತೆ ಯಾರು ಏಳುತ್ತಾರೆ, ಯಾರು ಕೂತೇ ಇರುತ್ತಾರೆ, ಬೈಕಿನ ಹತ್ತಿರ ಯಾರು ನಿಂತಿದ್ದಾರೆ ಎಂದು ನೋಡುತ್ತಿರಿ. ನಾಲ್ಕನೇ ವಾರ ಆ ಬೈಕಿನ ಹತ್ತಿರ ನಿಂತವರನ್ನು ಒಳಗೆ ಕರೆದುಕೊಂಡು ಬರಬೇಕೆಂದು ನಿಮ್ಮ ಕಾಲು ತಾನಾಗಿ ಎದ್ದರೆ, ಎಂ.ಫಿಲ್. ಅಥವಾ ಅದರ ಜಾಗದಲ್ಲಿರುವ, ಕಾಯ್ದೆ ಒಪ್ಪುವ ಕೋರ್ಸಿನ ಪ್ರವೇಶ ಪರೀಕ್ಷೆಯ ಅರ್ಜಿ ತುಂಬಿ.